ಸಾಹುಕಾರನ ಕೂದಲು

ಭಾನುವಾರ, ಊಟವಾದ ಮೇಲೆ

ನನ್ನ ಪಿಟೀಲಿಗೆ,

ಪೆಟ್ಟಿಗೆ ಬಿಚ್ಚಿದ ಕೂಡಲೇ ನಿನ್ನ ಕೈ ಗೇಮ್ ಮಷೀನಿಗೆ ಹೋಗುತ್ತದೆ, ಕಾಗದಕ್ಕಲ್ಲ ಎಂದು ಗೊತ್ತಿದ್ದೇ ಇದನ್ನು ಅದರ ನೆತ್ತಿಯ ಮೇಲೆ ಅಂಟಿಸಿದ್ದೇನೆ. ಓದಿ ಮುಗಿಸುವ ತನಕ ವೈರು ಚುಚ್ಚಬೇಡ. ಪೆಟ್ಟಿಗೆ ಹಾಸ್ಟೆಲಿಗೆ ಬರದೆ ಈ ವಿಳಾಸಕ್ಕೆ ಯಾಕೆ ಬಂತು ಎಂದು ನೀನು ಆಗಲೇ ಬೆವತಿರುತ್ತೀ. ಅದಕ್ಕೂ ಬರುತ್ತೇನೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಹೇಳಿದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತು. ನೀನು ಅಳುವುದಕ್ಕೆ ಶುರುಮಾಡುತ್ತೀ. ತೊಟ್ಟಿಲಲ್ಲಿದ್ದಾಗಲೇ ಇಡೀ ಬೀದಿಗೆ ಕೇಳುವ ಹಾಗೆ ಕುಯ್ಯುತ್ತಿದ್ದೆ ಅಂತಲೇ ನಿನಗೆ ಈ ಹೆಸರು ಬಿದ್ದದ್ದು. ನೀನು ಅತ್ತರೆ ನಾನು ಹೇಳಬೇಕಾದದ್ದನ್ನೆಲ್ಲ ನುಂಗಿಕೊಂಡು, 'ಆಯ್ತು ಬಿಡು, ಊಟ ಮಾಡಿದ್ಯಾ' ಅಂತ ಕೇಳಿ ಫೋನಿಡುತ್ತೇನೆ. ಈ ಸಲ ಹಾಗಾಗಬಾರದು. ಕಾಗದದ ಮುಂದೆ ನೀನು ಎಷ್ಟು ಅತ್ತರೂ ನನಗೆ ಕೇಳಿಸುವುದಿಲ್ಲ.

ನಾಳೆ ಸೋಮವಾರ. ಕ್ಲಿನಿಕ್ಕಿನಲ್ಲಿ ಕಿವಿ ಡಾಕ್ಟರಮ್ಮನ ಕೈಗೆ ರಾಜೀನಾಮೆ ಪತ್ರ ಕೊಡುವುದು, ಇಲ್ಲಿನ ಮನೆ ಖಾಲಿ ಮಾಡಿ ನಿನ್ನ ಕಾಲೇಜಿನ ಊರಿಗೆ ಬರುವುದು, ನೀನು ಹಾಸ್ಟೆಲು ಬಿಟ್ಟು ನನ್ನ ಜೊತೆ ಇರುವುದು ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವಲ್ಲ. ಆ ಪತ್ರ ಕೊಡಬೇಕೋ ಬೇಡವೋ ಎನ್ನುವುದು ನಿನ್ನೆ ಈ ಮಷೀನಿನ ಹೊಟ್ಟೆಯೊಳಗೆ ತೀರ್ಮಾನವಾಯಿತು. ಅದನ್ನು ನಿನಗೆ ಮೊದಲಿನಿಂದ ಹೇಳುತ್ತೇನೆ.

ರಜೆಗೆ ಬರುವಾಗ ಅದನ್ನೂ ತಾ ಎಂದು ನಿನ್ನ ತಲೆ ತಿಂದವಳು ನಾನೇ. ಭಾನುವಾರಗಳು ನನಗೆ ಕಳೆಯುವುದೇ ಇಲ್ಲ, ಮೊದಲಿನ ಹಾಗೆ ಇಬ್ಬರೂ ಸೋಫಾದ ಮೇಲೆ ಕಾಲು ಮಡಚಿ ಕೂತು ಸೇತುವೆ ಆಟ ಆಡೋಣ ಎಂದಿದ್ದೆ. ನೀನು ಮೊದಲು 'ಬ್ಯಾಗಲ್ಲಿ ಜಾಗ ಇಲ್ಲ' ಎಂದೆ. ಆಮೇಲೆ 'ಹಾಸ್ಟೆಲ್ ಹಾಲಲ್ಲಿ ಎಲ್ಲರೂ ಇದರಲ್ಲೇ ಆಡ್ತಾರೆ ಅಮ್ಮ, ತಗೊಂಡ್ ಬಂದ್ರೆ ಬೇಜಾರು ಮಾಡ್ಕೋತಾರೆ' ಎಂದೆ. ಕೊನೆಗೆ ನನ್ನ ಕಾಟ ತಡೆಯಲಾರದೆ ಹೊತ್ತುಕೊಂಡು ಬಂದೆ. ಟಿವಿಗೆ ಜೋಡಿಸಿ ಕೂತರೆ, ಅದು ಹಾರಲು ಹೊರಟ ವಿಮಾನದ ಹಾಗೆ ಸದ್ದು ಮಾಡಿ, ಮೈಯೆಲ್ಲ ಕಾದು, ಆಟದ ಪರದೆ ಬರುವುದರೊಳಗೆ ಠಪ್ಪೆಂದು ಆರಿಹೋಯಿತು. ಮತ್ತೆ ಹಾಕಿದರೂ ಅದೇ ಗತಿ. ಆಗ ನಿನ್ನ ಮುಖದಲ್ಲಿ ಬೇಸರಕ್ಕಿಂತ ನಿರಾಳ ಹೆಚ್ಚಾಗಿ ಕಂಡಿತು. ನಾನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಅವತ್ತು ಊಟದ ಹೊತ್ತಿಗೆ ನಮ್ಮಿಬ್ಬರದು ಒಂದು ಪಂಚಾಯಿತಿಯೇ ಆಯಿತು. 'ಬಿಸಾಕಮ್ಮ ಅದನ್ನ, ಹೊಸ ಮಾಡೆಲ್ ಬಂದಿದೆ, ಇದರ ಅರ್ಧ ದಪ್ಪ ಇದೆ, ಹಳೇದನ್ನ ಎಕ್ಸ್‌ಚೇಂಜಿಗೆ ತಗೋತಾರೆ' ಎಂದು ನೀನು. ಬಿಚ್ಚಿ ನೋಡೋಣ ಎಂದು ನಾನು. ಬಿಚ್ಚಿದರೆ ವಾರಂಟಿ ಹೋಗುತ್ತದೆ ಎಂದು ನೀನು. ವಾರಂಟಿ ಮುಗಿದು ಎಷ್ಟೋ ಕಾಲವಾಗಿದೆ, ಕೊಂಡವಳು ನಾನೇ ಎಂದು ನಾನು. ಆಗ ನೀನು 'ನಿನ್ನ ಕಣ್ಣಿಗೆ ಆಯಾಸ ಆಗುತ್ತೆ, ದಿನಾ ಕ್ಲಿನಿಕ್ಕಲ್ಲಿ ಕಿವಿ ಮಷೀನು ಬಿಚ್ಚೋದೇ ಕೆಲಸ, ಮನೇಲೂ ಯಾಕೆ' ಎಂದು ಮಾತು ತಿರುಗಿಸಿದೆ. ಮಾರನೆಯ ದಿನ ನಾನು ಡಾಕ್ಟರಮ್ಮನ ಮುಂದೆ, ನನ್ನ ಕಣ್ಣಿನ ಮೇಲೆ ನನ್ನ ಮಗಳಿಗೆ ಎಷ್ಟು ಕಾಳಜಿ ನೋಡಿ ಎಂದು ಹೇಳಿಕೊಂಡು ಮೆರೆದೆ.

ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತು. ಕೆಟ್ಟದ್ದು ಏನೇ ಇರಲಿ, ಬಿಚ್ಚಿ ನೋಡದೆ ಹೊಸ್ತಿಲು ದಾಟುವ ಹಾಗಿಲ್ಲ. ಊಟದ ಮೇಜಿನ ಮೇಲೆ ಹಳೆಯ ಪೇಪರು ಹಾಸಿದರೆ ಅದೇ ನಮ್ಮ ಆಸ್ಪತ್ರೆ. ಇಸ್ತ್ರಿಪೆಟ್ಟಿಗೆ, ಮಿಕ್ಸಿ, ಗೋಡೆ ಗಡಿಯಾರ, ನಿನ್ನ ಮಾತಾಡುವ ಗೊಂಬೆ, ಎಲ್ಲವೂ ಅಲ್ಲಿ ಮಲಗಿ ಎದ್ದಿವೆ. ಬಿಚ್ಚಿದ ಸ್ಕ್ರೂಗಳನ್ನು ತಟ್ಟೆಯಲ್ಲಿ ಸಾಲಾಗಿ ಜೋಡಿಸುವುದು ನಿನ್ನ ಕೆಲಸವಾಗಿತ್ತು. ಒಮ್ಮೆ ಒಂದನ್ನು ಬಾಯಿಗೆ ಹಾಕಿಕೊಂಡು ನಮಗೆ ನಿಜವಾದ ಆಸ್ಪತ್ರೆಯನ್ನೂ ತೋರಿಸಿದೆ. ಬಿಚ್ಚಿ ನೋಡಿದ ಮೇಲೆ ಸರಿಹೋಗದಿದ್ದರೆ ಬಿಸಾಡಲಿ, ನನ್ನದೇನೂ ತಕರಾರಿಲ್ಲ. ಇಷ್ಟೆಲ್ಲ ಗೊತ್ತಿದ್ದವಳು ನೀನು ಅದನ್ನು ಅಲಮಾರದ ಮೇಲೆ ಕಂಬಳಿಗಳ ಹಿಂದೆ ತುರುಕಿ, 'ಮುಟ್ಟಬೇಡ, ಮುಂದಿನ ಸಲ ಬಂದಾಗ ನಾನೇ ಅಂಗಡಿಗೆ ಕೊಡ್ತೀನಿ' ಎಂದು ಹೇಳಿ ರೈಲು ಹತ್ತಿದೆ. ಆಮೇಲೆ ಪ್ರತಿ ಫೋನಿನಲ್ಲೂ ಕೊನೆಗೆ ಒಂದು ಮಾತು, 'ಬಿಚ್ಚಲಿಲ್ಲ ತಾನೆ?'

ನಿನ್ನ ಮಾತಿಗೆ ಬೆಲೆ ಕೊಡಬೇಕೆಂದು ಮೊದಲು ಅದನ್ನು ಅಂಗಡಿಗೇ ಒಯ್ದೆ. ಸಿನಿಮಾ ಮಂದಿರದ ಪಕ್ಕದ ಆ ಗಾಜಿನ ಅಂಗಡಿ. ಕೌಂಟರಿನವನು ಅದನ್ನು ಒಮ್ಮೆ ತಿರುಗಿಸಿ ನೋಡಿ, 'ಹಳೇ ಮಾಡೆಲ್ ಮೇಡಂ, ರಿಪೇರಿಗೆ ಸುರಿಯೋ ಬದಲು ಹೊಸದೇ ತಗೊಂಡ್ಬಿಡಿ' ಎಂದ. ಒಳಗೆ ನೋಡದೆ ಹೇಗೆ ಹೇಳುತ್ತೀಯಪ್ಪ ಎಂದರೆ, 'ನೋಡೋದೇನು, ಸದ್ದು ಕೇಳಿದ್ರೇ ಗೊತ್ತಾಗುತ್ತೆ' ಎಂದು ನಕ್ಕ. ಅವನು ಸದ್ದನ್ನೂ ಕೇಳಿರಲಿಲ್ಲ. ಕ್ಲಿನಿಕ್ಕಿಗೆ ಬರುವ ವಯಸ್ಸಾದವರ ಮಕ್ಕಳೂ ಹೀಗೇ. ಅಪ್ಪನ ಕಿವಿ ಮಷೀನು ಹೋಯಿತು, ಹೊಸದು ಕೊಡಿ ಎಂದು ಬರುತ್ತಾರೆ. ಬಿಚ್ಚಿದರೆ ಗುಗ್ಗೆ ಕೂತು ತೂತು ಮುಚ್ಚಿರುತ್ತದೆ, ಅಷ್ಟೇ. ಒಬ್ಬ ಅಜ್ಜ ಅಂತೂ ಸೊಸೆಯ ಮಾತು ಕೇಳಬಾರದೆಂದು ಬ್ಯಾಟರಿಯನ್ನು ತಾನೇ ತಿರುವುಮುರುವಾಗಿ ಹಾಕಿಕೊಂಡು ಬರುತ್ತಾನೆ. ನಾನೂ ಏನೂ ತಿಳಿಯದವಳ ಹಾಗೆ ಸರಿಮಾಡಿ ಕೊಡುತ್ತೇನೆ. ಇಷ್ಟು ವರ್ಷ ಆ ಹಿಂದಿನ ಕೋಣೆಯಲ್ಲಿ ದೀಪದ ಕೆಳಗೆ ಕೂತು ಕೂತು, ಮಷೀನಿನೊಳಗಿನ ಕಸ ನೋಡಿಯೇ ಅದು ಎಂಥ ಮನೆಯಿಂದ ಬಂದಿದೆ ಎಂದು ಹೇಳುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಬೇಕರಿಯವರದರಲ್ಲಿ ಹಿಟ್ಟು, ಬಡಗಿಯದರಲ್ಲಿ ಮರದ ಪುಡಿ, ಮೊಮ್ಮಕ್ಕಳಿರುವ ಮನೆಯದರಲ್ಲಿ ಪೌಡರು.

ನಿನ್ನೆ ಶನಿವಾರ ಅರ್ಧ ದಿನ ರಜೆ. ಸರಿಮಾಡಿ ಇಟ್ಟು, ಮನೆ ಬದಲಾಯಿಸಿಕೊಂಡು ನಿನ್ನೂರಿಗೆ ಬಂದ ದಿನ ನಿನಗೆ ತೋರಿಸಿ ಬೆರಗುಗೊಳಿಸಬೇಕೆಂದು ಪೇಪರು ಹಾಸಿದೆ. ಮುಚ್ಚಳ ತೆಗೆದೆ. ಫ್ಯಾನಿನ ಸುತ್ತ ಉಣ್ಣೆಯ ಟೋಪಿಯ ಹಾಗೆ ಒಂದು ಮುದ್ದೆ ಗಟ್ಟಿಯಾಗಿ ಕೂತಿತ್ತು. ಪಾಪ, ಅದಕ್ಕೆ ಉಸಿರು ಕಟ್ಟಿತ್ತು, ಬೇರೆ ಯಾವ ರೋಗವೂ ಇರಲಿಲ್ಲ. ಹಾಸ್ಟೆಲಿನ ಕಂಬಳಿಯ ಜೂಲು ಇರಬೇಕೆಂದು ಚಿಮಟದಿಂದ ಎಳೆದು ತೆಗೆದು, ಸುಮ್ಮನೆ ಅಭ್ಯಾಸಬಲದಿಂದ ದೀಪದ ಕೆಳಗೆ ಹಿಡಿದೆ. ಕೂದಲು. ಬುಡ ಬಿಳಿ, ನಡು ಕೆಂಚು, ತುದಿ ಮತ್ತೆ ಬಿಳಿ.

ಆ ಕೂದಲನ್ನು ನಾನು ಸೋಫಾದಿಂದ, ನನ್ನ ಕಪ್ಪು ಕೋಟಿನಿಂದ, ನಿನ್ನ ಶಾಲೆಯ ಸಮವಸ್ತ್ರದಿಂದ ವರ್ಷಗಟ್ಟಲೆ ಗುಡಿಸಿದ್ದೇನೆ, ಬಾಚಿದ್ದೇನೆ, ಬೈದಿದ್ದೇನೆ. ಬಾಡಿಗೆ ವಸೂಲಿಗೆ ಬಂದವನ ಹಾಗೆ ಒಳ್ಳೆಯ ಕುರ್ಚಿಯಲ್ಲೇ ಕೂರುತ್ತಿದ್ದ ಎಂದು ನಮ್ಮ ಬೆಕ್ಕಿಗೆ ಸಾಹುಕಾರ ಎಂದು ಹೆಸರಿಟ್ಟವಳೂ ನಾನೇ. ನಿಮ್ಮಪ್ಪ ಮನೆ ಬಿಟ್ಟು ಹೋದ ದಿನ ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ಸಾಹುಕಾರನ ಬುಟ್ಟಿ. ಅವನು ಅವರಿಗೇ ಹೆಚ್ಚು ಅಂಟಿಕೊಂಡಿದ್ದ, ನಾನು ಅಡ್ಡ ಬರಲಿಲ್ಲ. ನೀನು ಬೆಕ್ಕು ಬೇಕು ಎಂದು ಅತ್ತ ಅಳು ನಿಲ್ಲಿಸುವುದಕ್ಕೇ ನಾನು ಈ ಮಷೀನು ಕೊಂಡದ್ದು. ಅಂದರೆ ಇದು ಮನೆಗೆ ಬರುವ ಹೊತ್ತಿಗೆ ಬೆಕ್ಕು ಮನೆಯಲ್ಲಿರಲಿಲ್ಲ. ಹಾಸ್ಟೆಲಿಗೆ ಕಳಿಸುವ ಮುಂಚೆ ಒಮ್ಮೆ ಬಿಚ್ಚಿ ಸ್ವಚ್ಛ ಮಾಡಿದವಳೂ ನಾನೇ.

ನಿಜ ಹೇಳಲಾ ಪಿಟೀಲು, ಮೊದಲು ನನಗಾದದ್ದು ಸಂತೋಷ. ವರ್ಷದ ಹಿಂದೆ ಸತ್ತ ಬೆಕ್ಕಿನ ಕೂದಲು ಇಷ್ಟು ಹೊಸದಾಗಿ, ಇಷ್ಟು ಮೆತ್ತಗೆ ಇರಲು ಸಾಧ್ಯವೇ ಇಲ್ಲ. ಸಾಹುಕಾರ ಬದುಕಿದ್ದಾನೆ. ನಾನು ಎದ್ದು ಫೋನು ಕೈಗೆತ್ತಿಕೊಂಡೆ. ನಿನಗೇ ಮೊದಲು ಹೇಳಬೇಕೆಂದು, 'ಸಾಹುಕಾರ ಬದುಕಿದ್ದಾನೆ ಕಣೇ' ಎನ್ನಬೇಕೆಂದು ಬಾಯಿಯಲ್ಲಿ ಮಾತನ್ನೂ ಜೋಡಿಸಿಕೊಂಡೆ. ನಿನ್ನ ಹೆಸರು ಒತ್ತಲು ಹೋದ ಬೆರಳು ಹಾಗೇ ನಿಂತಿತು. ಸತ್ತ ಎಂದು ನನಗೆ ಹೇಳಿದ್ದು ಯಾರು ಎಂದು ಆಗ ನೆನಪಾಯಿತು.

ಹೋದ ವರ್ಷ ನಾನು ಈ ಬಾಲ್ಕನಿಯಿರುವ ಮನೆಗೆ ಬಂದ ಹೊಸತು. ಬಿಸಿಲು ಬೀಳುವ ಆ ಮೂಲೆ ನೋಡಿ, ನಿಮ್ಮಪ್ಪನಿಗೆ ಒಂದು ಮಾತು ಕೇಳಿ ಸಾಹುಕಾರನನ್ನು ಕರೆತರುತ್ತೇನೆ, ಅವರಂತೂ ದಿನವಿಡೀ ಕೆಲಸದಲ್ಲಿರುತ್ತಾರೆ, ಅವನಿಗೂ ವಯಸ್ಸಾಯಿತು ಎಂದು ಫೋನಿನಲ್ಲಿ ನಿನಗೆ ಹೇಳಿದ್ದೆ. ನೀನು ಹೂಂ ಎಂದೆ. ಆ ವಾರವೇ ಹೇಳದೆ ಕೇಳದೆ ಮನೆಗೆ ಬಂದು, ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, 'ಅಮ್ಮ, ಸಾಹುಕಾರ ಹೋಗ್ಬಿಟ್ಟ' ಎಂದೆ. 'ಅಪ್ಪ ಮೆಸೇಜ್ ಮಾಡಿದ್ರು, ಅದೊಂದೇ ಮೆಸೇಜು, ಬೇರೇನೂ ಮಾತಾಡಿಲ್ಲ' ಎಂದೂ ಸೇರಿಸಿದೆ. ನಿದ್ದೆಯಲ್ಲೇ ಹೋದನಂತೆ, ನೋವಾಗಲಿಲ್ಲವಂತೆ, ಮನೆಯ ಹಿಂದಿನ ಗಿಡದ ಕೆಳಗೆ ಹೂತರಂತೆ. ಗಿಡವನ್ನೂ ನೀನು ಬಿಡಲಿಲ್ಲ. ನಾನು ಗೋಡೆಗೆ ಒರಗಿ ಅತ್ತೆ. ನೀನು ನನ್ನ ಬೆನ್ನು ಸವರಿದೆ, ಹಾಲು ಕಾಯಿಸಿ ಕುಡಿಸಿದೆ, ನನ್ನ ಪಕ್ಕದಲ್ಲೇ ಕೂತು ನೀನೂ ಅತ್ತೆ. ಮಾರನೆಯ ದಿನ ರಜೆ ಕೇಳಿದರೆ ಡಾಕ್ಟರಮ್ಮ 'ಬೆಕ್ಕಿಗೂ ರಜೆನಾ' ಎಂದು ಮೊದಲು ನಕ್ಕರು, ಆಮೇಲೆ ನನ್ನ ಮುಖ ನೋಡಿ ಸುಮ್ಮನೆ ಕೊಟ್ಟರು.

ಅವತ್ತು ನೀನು ಅತ್ತದ್ದು ಯಾಕೆ? ಇದೊಂದನ್ನು ನಿನ್ನೆಯಿಂದ ಕೇಳಿಕೊಳ್ಳುತ್ತಿದ್ದೇನೆ. ನನ್ನ ಅಳು ನೋಡಿ ಪಾಪ ಎನಿಸಿತೋ, ಸಿಕ್ಕಿಬೀಳುವ ಭಯವೋ, ಇಲ್ಲಾ ಅದೂ ನನ್ನ ಕಿವಿಯ ಮೇಲೆ ಇಟ್ಟ ಇನ್ನೊಂದು ಹೂವೋ.

ಆದರೂ ನಾನು ತಕ್ಷಣ ನಂಬಲಿಲ್ಲ. ನಿನ್ನ ಪರವಾಗಿ ನಾನೇ ವಕೀಲಳಾಗಿ ನಿಂತೆ. ಹಾಸ್ಟೆಲುಗಳಲ್ಲೂ ಬೆಕ್ಕುಗಳಿರುತ್ತವೆ, ಕೆಂಚು ಬೆಕ್ಕು ಇವನೊಬ್ಬನೇ ಅಲ್ಲ, ಪಾಪದ ಹುಡುಗಿಯನ್ನು ಒಂದು ಹಿಡಿ ಕೂದಲಿಗಾಗಿ ಅನುಮಾನಿಸುವುದೇ ಎಂದು ನನ್ನನ್ನೇ ಗದರಿಸಿಕೊಂಡೆ. ಫ್ಯಾನು ತೊಳೆದು ಒಣಗಿಸಿದೆ. ಒಳಗೆ ಬಿಸಿ ಇಳಿಸಲು ಹಚ್ಚಿರುವ, ಒಣಗಿ ಸುಣ್ಣವಾಗಿದ್ದ ಪೇಸ್ಟು ಕೆರೆದು ಹೊಸದು ಹಚ್ಚಿದೆ. ಮುಚ್ಚಿ, ಟಿವಿಗೆ ಜೋಡಿಸಿ, ಗುಂಡಿ ಒತ್ತಿದೆ. ಉಸಿರಾಡುವಷ್ಟೂ ಸದ್ದಿಲ್ಲದೆ ಓಡಿತು. ನಮ್ಮ ಸೇತುವೆ ಆಟದ ಪರದೆ ಬಂತು. ಆಟಗಾರರನ್ನು ಆರಿಸಿ ಎಂದು ಕೇಳಿತು.

ನಾನು ಬಲ್ಲ ಹಾಗೆ ಅದರಲ್ಲಿ ಇಬ್ಬರು. ಕೆಂಪು ಬೂಟಿನ ಪಿಟೀಲು, ಹಳದಿ ಛತ್ರಿಯ ಅಮ್ಮ. ಇಬ್ಬರ ಸೊಂಟಕ್ಕೂ ಒಂದೇ ಹಗ್ಗ, ಒಬ್ಬರು ಬಿದ್ದರೆ ಎಲ್ಲರೂ ನೀರಿಗೆ. ನಾನು ಯಾವತ್ತೂ ಮೊದಲ ಸೇತುವೆಯನ್ನೇ ದಾಟಿದವಳಲ್ಲ. 'ಅಮ್ಮ, ನೆಗೆಯೋದು ಮೇಲಿನ ಗುಂಡಿ, ಮೇಲಿನದು' ಎಂದು ನೀನು ಕೂಗುವುದು, ನಾನು ಕೆಳಗಿನದನ್ನು ಒತ್ತಿ ಛತ್ರಿ ಬಿಚ್ಚಿಕೊಂಡು ಗಂಭೀರವಾಗಿ ನೀರಿಗೆ ನಡೆಯುವುದು, ಹಿಂದೆಯೇ ನೀನೂ ಬೀಳುವುದು. ಸೋಫಾದ ಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ನಿನ್ನನ್ನು ನಾನು ಎಷ್ಟು ಸಲ ಮುಳುಗಿಸಿದರೂ ನೀನು ಒಂಟಿಯಾಗಿ ಮುಂದೆ ಹೋದವಳಲ್ಲ. ನಿನ್ನ ಬಗ್ಗೆ ನನಗೆ ಹೆಮ್ಮೆ ಎನಿಸುತ್ತಿದ್ದದ್ದು ಅಂಥದ್ದಕ್ಕೇ.

ನಿನ್ನೆ ಅಲ್ಲಿ ಮೂವರು ನಿಂತಿದ್ದರು. ಪಿಟೀಲು, ಅಮ್ಮ, ಅಪ್ಪ. ಅಪ್ಪ ಎಂದು ಹೆಸರು ಬರೆದಿತ್ತು, ಅನುಮಾನಕ್ಕೆ ಜಾಗವೇ ಇರಲಿಲ್ಲ. ಅಮ್ಮನ ತಲೆಯ ಮೇಲೆ, ಹೆಚ್ಚು ಗೆದ್ದವರಿಗೆ ಸಿಗುವ ಚಿನ್ನದ ಕಿರೀಟವಿತ್ತು.

ಒಂದೊಂದು ಸೇತುವೆ ದಾಟಿದಾಗಲೂ ಆ ಆಟ ತಾನಾಗಿಯೇ ಒಂದು ಫೋಟೋ ತೆಗೆದು ಇಡುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಹೇಗೆ ಗೊತ್ತಾಗಬೇಕು, ದಾಟಿದ್ದರೆ ತಾನೆ. ನಿನ್ನೆ ಎಲ್ಲವನ್ನೂ ನೋಡಿದೆ. ಹಿಮದ ಸೇತುವೆ, ಬೆಂಕಿಯ ಸೇತುವೆ, ಕೊನೆಯ ಬೆಟ್ಟದ ತುದಿ. ಎಲ್ಲದರಲ್ಲೂ ಮೂವರೂ ಒಂದೇ ಹಗ್ಗದಲ್ಲಿ, ಕೈ ಮೇಲೆತ್ತಿಕೊಂಡು, ನೀನು ನಡುವೆ. ಕೆಳಗೆ ತಾರೀಕು. ಬಹುಪಾಲು ಭಾನುವಾರಗಳು. ಲೈಬ್ರರಿ ಎಂದ ಭಾನುವಾರ, ತಲೆನೋವು ಎಂದ ಭಾನುವಾರ, 'ಪರೀಕ್ಷೆ ಹತ್ತಿರ ಬಂತಲ್ಲಮ್ಮ, ಈ ವಾರ ಬರಕ್ಕಾಗಲ್ಲ' ಎಂದ ಭಾನುವಾರ. ಬೆಕ್ಕಿಗಾಗಿ ನಾನು ನಿಮ್ಮಪ್ಪನಿಗೆ ಫೋನು ಮಾಡಿದರೆ ಇವೆಲ್ಲ ಹೊರಬೀಳುತ್ತವೆಂದೇ ನೀನು ಸಾಹುಕಾರನನ್ನು ಸಾಯಿಸಿದ್ದು. ನಾನಿಲ್ಲದ ಮನೆಯಲ್ಲಿ, ನಾನಿಲ್ಲದ ಮಧ್ಯಾಹ್ನಗಳಲ್ಲಿ, ನಾನು ಛತ್ರಿ ಹಿಡಿದು ನಗುತ್ತ ನಿಂತಿದ್ದೆ. ನೋಡಿ ಆಫ್ ಮಾಡಿದೆ. ಆಡಲಿಲ್ಲ.

ನಿಮ್ಮಪ್ಪನ ಜೊತೆ ಈಗ ಒಬ್ಬಾಕೆ ಇದ್ದಾರೆ ಎನ್ನುವುದು ನನ್ನ ಕಿವಿಗೂ ಬಿದ್ದಿದೆ. ಕಿವಿಯ ಕೆಲಸದವಳು ನಾನು, ಅಷ್ಟೂ ಕೇಳಿಸುವುದಿಲ್ಲವೇ. ಆಕೆಯ ಮೇಲೆ ನನಗೆ ಸಿಟ್ಟಿಲ್ಲ. ಮೇಲಿನ ಗುಂಡಿ ಯಾವುದು, ಕೆಳಗಿನದು ಯಾವುದು ಎಂದು ತಿಳಿದವರು, ಚೆನ್ನಾಗಿ ಆಡುತ್ತಾರೆ. ಆಕೆ ನಿಮ್ಮ ಪಕ್ಕ ಬಂದು ಕೂತಿರಬೇಕು, ನಾನೂ ಆಡಲಾ ಎಂದಿರಬೇಕು, ನೀನು 'ಇದು ಖಾಲಿ ಇದೆ, ತಗೊಳ್ಳಿ' ಎಂದು ನನ್ನನ್ನು ಎತ್ತಿ ಕೊಟ್ಟಿರಬೇಕು. ಹೊಸ ಆಟಗಾರ್ತಿಯನ್ನು ಮಾಡುವುದಕ್ಕೆ ಸೋಮಾರಿತನ, ಅಷ್ಟೇ ಆಗಿರಲಿ ಎಂದು ಆಸೆಪಡುತ್ತೇನೆ. ಬೇಕೆಂದೇ ಕೊಟ್ಟಿದ್ದರೆ ನನಗೆ ಹೇಳಬೇಡ. ಉಳಿದ ಎಲ್ಲವನ್ನೂ ಹೇಳು, ಅದೊಂದನ್ನು ಬೇಡ.

ನೀನು ಹೋಗಿದ್ದಕ್ಕೆ ನನಗೆ ನೋವಿಲ್ಲ. ಇದನ್ನು ಎರಡು ಸಲ ಓದು. ಆ ಊರಿನ ಕಾಲೇಜೇ ಬೇಕೆಂದು ನೀನು ಹಟ ಹಿಡಿದಾಗ, ನಿಮ್ಮಪ್ಪ ಅಲ್ಲಿದ್ದಾರೆಂದು ಗೊತ್ತಿದ್ದೂ ನಾನು ಹೂಂ ಎಂದೆ. ರೈಲಿನ ಕಿಟಕಿಯ ಹತ್ತಿರ ನಿಂತು ಒಂದೇ ಮಾತು ಹೇಳಿದ್ದೆ, ಅವರನ್ನ ನೋಡಕ್ಕೆ ಹೋಗೋದಾದ್ರೆ ಹೇಳಿ ಹೋಗು ಎಂದು. ಅವರು ನನಗೆ ಗಂಡನಾಗಿ ಉಳಿಯಲಿಲ್ಲ ಎಂದ ಮಾತ್ರಕ್ಕೆ ನಿನಗೆ ಅಪ್ಪನಾಗಿ ಇರಬಾರದು ಎಂದು ನಾನು ಯಾವತ್ತೂ ಅಂದಿಲ್ಲ. ಬೆನ್ನ ಹಿಂದೆ ಮಾಡುವುದು ಬೇಡ ಎಂದೆ, ಅಷ್ಟೇ. ಯಾಕೆ ಹಾಗೆ ಕೇಳಿದೆ ಎಂದು ನಿನಗೆ ಬಿಡಿಸಿ ಹೇಳಬೇಕಿರಲಿಲ್ಲ. ಅವರು ವರ್ಗವಾಗಿದೆ, ಸ್ವಲ್ಪ ದಿನದ ಮಾತು ಎಂದು ಹೇಳಿ ಹೊರಟಾಗ, ಆ ಅಂಗಿಗಳಿಗೆಲ್ಲ ಕೂತು ಇಸ್ತ್ರಿ ಮಾಡಿಕೊಟ್ಟವಳು ನಾನು. ಬರುವುದಿಲ್ಲ ಎಂದು ತಿಳಿದ ದಿನ ನಾನು ಇಸ್ತ್ರಿಪೆಟ್ಟಿಗೆಯ ಮುಂದೆ ಕೂತೇ ಇದ್ದೆ, ನೀನು ಶಾಲೆಯಿಂದ ಬಂದು ನನ್ನ ತೊಡೆಯ ಮೇಲೆ ತಲೆಯಿಟ್ಟು, 'ನಾನು ನಿಂಗೆ ಯಾವತ್ತೂ ಹೀಗ್ ಮಾಡಲ್ಲ ಅಮ್ಮ' ಎಂದೆ. ನಾನು ಕೇಳಿರಲಿಲ್ಲ. ನೀನಾಗಿಯೇ ಅಂದ ಮಾತು ಅದು. ಅವರು ಮಾಡಿದ್ದು ಒಂದು ಪೆಟ್ಟು. ಇದು ಅದೇ ಗಾಯದ ಮೇಲೆ, ಅದನ್ನು ನೋಡಿಕೊಂಡವಳ ಕೈಯಿಂದಲೇ ಬಿದ್ದದ್ದು.

ಇನ್ನು ಮನೆಯ ವಿಷಯ. ಇಷ್ಟು ದಿನ ನೀನು ಹುಡುಕಿದರೂ ನಿನ್ನೂರಿನಲ್ಲಿ ಮನೆ ಯಾಕೆ ಸಿಗುತ್ತಿಲ್ಲ ಎಂದು ತಲೆ ಕೆಡಿಸಿಕೊಂಡಿದ್ದೆ. ಒಂದು ಕಡೆ ನೀರಿಲ್ಲ, ಒಂದು ಕಡೆ ಗಲಾಟೆ, ಒಂದು ಕಡೆ ಮಾಲೀಕ ಸರಿಯಿಲ್ಲ. ನೀನು ಒಂದು ಮನೆಯನ್ನೂ ನೋಡಲು ಹೋಗಿರಲಿಲ್ಲ ಅಲ್ಲವೇ? ನಾನು ಅಲ್ಲಿಗೆ ಬಂದರೆ ಭಾನುವಾರಗಳನ್ನು ಏನು ಮಾಡುವುದು ಎಂದು ನಿನಗೆ ತೋಚಿರಲಿಕ್ಕಿಲ್ಲ. ಬರಬೇಡ ಎಂದು ಬಾಯಿಬಿಟ್ಟು ಹೇಳಿದ್ದರೆ ನನಗೆ ನೋವಾಗುತ್ತಿತ್ತು, ಎರಡು ದಿನ ಮುಖ ಊದಿಸಿಕೊಂಡು ಆಮೇಲೆ ಸರಿಹೋಗುತ್ತಿದ್ದೆ. ನೀನು ಅದರ ಬದಲು ನೋಡೋಣ, ನೋಡೋಣ ಎನ್ನುತ್ತ ನಾನು ಕೆಲಸ ಬಿಡುವ ಹಿಂದಿನ ದಿನದ ತನಕ ತಳ್ಳಿಕೊಂಡು ಬಂದೆ. ಮೂಲೆಯ ದೀಪ, ನನ್ನ ಕುರ್ಚಿ, ಬ್ಯಾಟರಿ ತಿರುಗಿಸಿಕೊಂಡು ಬರುವ ಆ ಅಜ್ಜ, ಎಲ್ಲವನ್ನೂ ಬಿಟ್ಟು ಬಂದು ನಾನು ಆ ಊರಿನಲ್ಲಿ ಭಾನುವಾರ ಒಬ್ಬಳೇ ಕೂತಿರುತ್ತಿದ್ದೆ, ನೀನು ಲೈಬ್ರರಿಗೆ ಹೋಗಿರುತ್ತಿದ್ದೆ.

ನಾಳೆ ನಾನು ರಾಜೀನಾಮೆ ಕೊಡುವುದಿಲ್ಲ. ಈ ಕಾಗದದ ಮೊದಲ ಹಾಳೆಯನ್ನು ತಿರುಗಿಸಿ ನೋಡು. ಹಿಂದೆ ಇರುವುದು ಅದೇ ಪತ್ರ, ಸಹಿಯೂ ಆಗಿತ್ತು. ಒಳ್ಳೆಯ ಕಾಗದ, ದಂಡವಾಗುವುದು ಬೇಡ ಎಂದು ನಿನಗೆ ಬರೆಯಲು ಬಳಸಿಕೊಂಡೆ.

ಮಷೀನನ್ನು ಏನು ಮಾಡುವುದು ಎಂದು ನಿನ್ನೆ ಸಂಜೆಯೆಲ್ಲ ಯೋಚಿಸುತ್ತ ಕೂತೆ. ಒಂದು ಗಳಿಗೆ ಬಾಲ್ಕನಿಯಿಂದ ಕೆಳಗೆ ಬಿಟ್ಟುಬಿಡಲೇ ಎನಿಸಿದ್ದು ನಿಜ. ಕೆಳಗೆ ಪಕ್ಕದ ಮನೆಯವರ ಸ್ಕೂಟರು ನಿಂತಿತ್ತು, ಅವರೇನು ಪಾಪ ಮಾಡಿದ್ದಾರೆ. ಒಳಗಿನದೆಲ್ಲ ಅಳಿಸಿ, ಹೊಸದರ ಹಾಗೆ ಮಾಡಿ ಕಳಿಸಲೇ ಎಂದೂ ಯೋಚಿಸಿದೆ. ಅದು ಒಂದೇ ಗುಂಡಿಯ ಕೆಲಸ. ಅಳಿಸಲಿಲ್ಲ. ನೀನು ನಕ್ಕ ಭಾನುವಾರಗಳನ್ನು ನಾನು ಯಾಕೆ ಅಳಿಸಲಿ. ಹೊಸದು ಕೊಳ್ಳಬೇಕಾಗಿಲ್ಲ, ಇದು ಇನ್ನೂ ಎಷ್ಟೋ ವರ್ಷ ಓಡುತ್ತದೆ. ನೀನು ಹೊಸದು ಕೇಳಿದ್ದು ಇದು ಕೆಟ್ಟಿತೆಂದಲ್ಲ, ನಾನು ಬಿಚ್ಚುತ್ತೇನೆಂದು. ಈಗ ಬಿಚ್ಚಿ ಆಯಿತು, ಇನ್ನು ಹೆದರಿಕೆಯಿಲ್ಲ.

ಅದಕ್ಕೇ ಇದನ್ನು ಹಾಸ್ಟೆಲಿಗಲ್ಲ, ಇಷ್ಟು ದಿನ ಇದು ಇದ್ದ ನಿಮ್ಮಪ್ಪನ ಮನೆಗೇ ನೇರವಾಗಿ ಕಳಿಸುತ್ತಿದ್ದೇನೆ. ಅವರ ಹೆಸರಿಗೆ ಬರುವ ಟಪಾಲನ್ನೆಲ್ಲ ಇಷ್ಟು ವರ್ಷ ಅಲ್ಲಿಗೆ ತಿರುಗಿಸಿದವಳು ನಾನೇ, ವಿಳಾಸ ಬಾಯಿಪಾಠ. ಇನ್ನು ಮೇಲೆ ಅದನ್ನು ನೆಲದ ಮೇಲೆ ಇಡಬೇಡ. ಬೆಚ್ಚಗಿರುತ್ತದೆಂದು ಸಾಹುಕಾರ ಅದರ ಹಿಂದೆಯೇ ಮಲಗುತ್ತಿರಬೇಕು, ಅವನ ಬುದ್ಧಿ ನನಗೆ ಗೊತ್ತಿಲ್ಲವೇ. ಎತ್ತರದ ಹಲಗೆಯ ಮೇಲಿಡು. ಆಗಾಗ ಹಿಂದಿನ ಜಾಲರಿಯನ್ನು ಒಣ ಬ್ರಷ್ಷಿನಿಂದ ಒರೆಸು, ಬಾಯಿಂದ ಊದಬೇಡ, ಎಂಜಲು ಬೀಳುತ್ತದೆ. ಅವನ ಎಡಗಿವಿಯ ಹಿಂದೆ ಕೆರೆದು, ನಾನು ಕೇಳಿದೆ ಎಂದು ಹೇಳು. ಫ್ಯಾನಿನಿಂದ ತೆಗೆದ ಕೂದಲನ್ನು ನಾನು ಬಿಸಾಡಿಲ್ಲ. ಕಿವಿ ಮಷೀನಿನ ಒಂದು ಡಬ್ಬಿಯಲ್ಲಿ ಹಾಕಿ, ಬಿಸಿಲು ಬೀಳುವ ಆ ಮೂಲೆಯಲ್ಲಿ ಇಟ್ಟಿದ್ದೇನೆ.

ಕಾಗದಕ್ಕೆ ಕಾಗದ ಬರೆಯಬೇಡ. ಮೆಸೇಜೂ ಬೇಡ. ಬರಬೇಕೆನಿಸಿದಾಗ ರೈಲು ಹತ್ತಿ ಬಾ, ಅಡುಗೆಮನೆಯ ಅದೇ ಸ್ಟೂಲಿನ ಮೇಲೆ ಕೂತು, ಮೊದಲಿನಿಂದ ಕೊನೆಯ ತನಕ ನಿನ್ನ ಬಾಯಿಂದಲೇ ಹೇಳು. ಕೂಗಾಡುತ್ತೇನೆ, ಅದಕ್ಕೆ ತಯಾರಾಗಿ ಬಾ. ಬಾಗಿಲು ಹಾಕುವುದಿಲ್ಲ. ಆದರೆ ಹೇಳಿ ಮುಗಿಸುವ ತನಕ, ಊಟ ಮಾಡಿದ್ಯಾ ಎಂದು ನಾನು ಕೇಳುವುದಿಲ್ಲ.

ಇಷ್ಟೆಲ್ಲ ಆದಮೇಲೂ ನಿನ್ನ,
ಅಮ್ಮ

ಮರೆತ ಮಾತು: ಆಡಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಇವತ್ತು ಬೆಳಿಗ್ಗೆ ಪೆಟ್ಟಿಗೆಗೆ ಹಾಕುವ ಮುಂಚೆ ಮತ್ತೆ ಜೋಡಿಸಿ ಕೂತೆ. ಕಿರೀಟದ ಅಮ್ಮನನ್ನು ಮುಟ್ಟಲಿಲ್ಲ, ಗೆದ್ದವರದು ಗೆದ್ದವರಿಗಿರಲಿ. ನನಗೆಂದು ಹೊಸಬಳೊಬ್ಬಳನ್ನು ಮಾಡಿ, ಹೆಸರಿನ ಜಾಗದಲ್ಲಿ ಅಮ್ಮ ಎಂದು ಒತ್ತಿದೆ. ಈ ಹೆಸರು ಆಗಲೇ ಇದೆ, ಬೇರೆ ಹೆಸರು ಕೊಡಿ ಎಂದು ಬಂತು. ಕೊನೆಗೆ ನನ್ನ ಸ್ವಂತ ಹೆಸರನ್ನೇ ಹಾಕಿದೆ. ನಿನಗೆ ಅದು ನೆನಪಿರಬೇಕು. ಅವಳು ಮೊದಲ ಸೇತುವೆಯ ಈಚೆ ದಡದಲ್ಲಿ, ತಲೆಯಿಂದ ನೀರಿಳಿಸಿಕೊಂಡು, ಹಗ್ಗದ ಇನ್ನೊಂದು ತುದಿ ಕೈಯಲ್ಲಿ ಹಿಡಿದು ನಿಂತಿದ್ದಾಳೆ. ಅವಳನ್ನು ಮಾತ್ರ ಯಾರಿಗೂ ಕೊಡಬೇಡ.